ಮುಠಾ ದಂಡೆಯಿಂದ: ಹೊಟ್ಟೆಗೊಂದು ಬಾಗಿಲು

"ಹೊಟ್ಟಿಗೆ ತೂತ ಹಾಕಸ್ತೀಯೇನೋ ತಮ್ಮಾ? ನಿಮ್ಮಪ್ಪ ಏನ್ ಪಾಪ ಮಾಡ್ಯಾರಂತ?"

ಆಸ್ಪತ್ರೆಯ ಕಾರಿಡಾರಿನಲ್ಲಿ ಅವ್ವ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಒಪ್ಪಿಗೆ ಪತ್ರ ಇತ್ತು, ಪೆನ್ನು ಇತ್ತು, ಉತ್ತರ ಇರಲಿಲ್ಲ. ವಿಜಯಪುರದಿಂದ ಮೊಮ್ಮಗಳ ಜೊತೆ ಒಂದು ತಿಂಗಳು ಇರಲೆಂದು ಪುಣೆಗೆ ಬಂದ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಜೀವ ಉಳಿಯಿತು, ನುಂಗುವುದು ನಿಂತಿತು. ನೀರು ಕೊಟ್ಟರೆ ಕೆಮ್ಮು. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಹೀಗೆ ಇಳಿದದ್ದೇ ನ್ಯುಮೋನಿಯಾಕ್ಕೆ ದಾರಿ.

ಮೊದಲ ಐದು ವಾರ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇತ್ತು. ಇಂಗ್ಲೆಂಡಿನ ವೈದ್ಯ ಜಾನ್ ಆಲ್‌ಫ್ರೆಡ್ ರೈಲ್ 1921ರಲ್ಲಿ ವಿವರಿಸಿದ ನಳಿಕೆಯದು, ಅದಕ್ಕೇ ಆ ಹೆಸರು. ಕೆಲವು ದಿನಕ್ಕೆ, ವಾರಕ್ಕೆ ಅದು ಸಾಕು. ಆಮೇಲೆ ಮೂಗು, ಗಂಟಲು ಹುಣ್ಣಾಗುತ್ತವೆ. ಅಪ್ಪ ಎರಡು ಸಲ ರಾತ್ರಿ ಅದನ್ನು ಕಿತ್ತೆಸೆದಿದ್ದರು. ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ಕಾಲ ನಳಿಕೆಯ ಊಟ ಬೇಕು ಎನಿಸಿದರೆ ವೈದ್ಯರು ಸಾಮಾನ್ಯವಾಗಿ 'ಪೆಗ್' ಸೂಚಿಸುತ್ತಾರೆ.

ಅವ್ವ ಹೆದರಿದಂತೆ ಅದು ಹೊಟ್ಟೆ ಕೊಯ್ಯುವ ದೊಡ್ಡ ಆಪರೇಷನ್ ಅಲ್ಲ. ಬಾಯಿಯಿಂದ ಎಂಡೋಸ್ಕೋಪ್ ಇಳಿಸುತ್ತಾರೆ. ಅದರ ತುದಿಯ ಬೆಳಕು ಹೊಟ್ಟೆಯ ಚರ್ಮದ ಹೊರಗೂ ಕಾಣುತ್ತದೆ. ಬೆಳಕು ಕಂಡ ಜಾಗದಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ಗಾಯ ಮಾಡಿ, ಸೂಜಿಯ ಮೂಲಕ ಒಂದು ದಾರ ಒಳಗೆ ಬಿಡುತ್ತಾರೆ. ಎಂಡೋಸ್ಕೋಪ್ ಆ ದಾರ ಹಿಡಿದು ಬಾಯಿಂದ ಹೊರಗೆ ತರುತ್ತದೆ. ದಾರಕ್ಕೆ ನಳಿಕೆ ಕಟ್ಟಿ ಹೊಟ್ಟೆಯ ಕಡೆಯಿಂದ ಎಳೆದರೆ ನಳಿಕೆ ಹೊರಗೆ ಬರುತ್ತದೆ, ಅದರ ಬುಡದ ಬಿಲ್ಲೆ ಒಳಗೇ ನಿಲ್ಲುತ್ತದೆ. ಎಲ್ಲಾ ಸೇರಿ ಸುಮಾರು ಅರ್ಧ ಗಂಟೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1979ರಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಇದನ್ನು ಮೊದಲು ಮಾಡಿದ್ದು ಒಂದು ಪುಟ್ಟ ಮಗುವಿಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು. ಲಕ್ವಾ ಆದವರಲ್ಲಿ ಹೆಚ್ಚಿನವರು ತೆಗೆದುಕೊಳ್ಳುತ್ತಿರುತ್ತಾರೆ.

ಸಹಿ ಮಾಡುವ ಮುನ್ನ ಅಪ್ಪನನ್ನೇ ಕೇಳಿದೆ. ಮಾತು ಹೋಗಿತ್ತು, ತಿಳಿವಳಿಕೆ ಹೋಗಿರಲಿಲ್ಲ. ಮೂಗಿನ ನಳಿಕೆ ತೋರಿಸಿ ಎಡಗೈಯಿಂದ 'ಬೇಡ' ಎಂದರು, ನನ್ನ ಪೆನ್ನು ಮುಟ್ಟಿ ತಲೆಯಾಡಿಸಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನಾದಳು.

ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ನಮ್ಮ ಮಾವಶಿ ಹಗಲು ಬರುತ್ತಾರೆ, ರಾತ್ರಿ ಪಾಳಿ ನನ್ನದು. ನಾವು ಕಲಿತದ್ದು ಇಷ್ಟು.

ಕೈ ತೊಳೆಯದೆ ನಳಿಕೆ ಮುಟ್ಟುವಂತಿಲ್ಲ. ಊಟದ ಹೊತ್ತಿಗೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ, ಊಟವಾದ ಮೇಲೂ ಕನಿಷ್ಠ ಅರ್ಧದಿಂದ ಒಂದು ಗಂಟೆ ಹಾಗೇ. ಊಟಕ್ಕೆ ಮೊದಲು ಮತ್ತು ನಂತರ ಸುಮಾರು 30 ಮಿಲಿ ಉಗುರುಬೆಚ್ಚಗಿನ ನೀರು. ಸಿರಿಂಜಿನ ದಂಡ ಒತ್ತಿ ತಳ್ಳಬಾರದು. ಎತ್ತಿ ಹಿಡಿದರೆ ಊಟ ತಾನೇ ಇಳಿಯುತ್ತದೆ. ಎಷ್ಟು, ಏನು ಎಂಬುದನ್ನು ಆಹಾರ ತಜ್ಞರು ಬರೆದುಕೊಟ್ಟಂತೆ. ಗಾಯದ ಸುತ್ತ ದಿನವೂ ಸೋಪು ನೀರಿನಿಂದ ಒರೆಸಿ ಒಣಗಿಸುವುದು. ನಳಿಕೆ ಮೇಲಿನ ಸೆಂಟಿಮೀಟರ್ ಗುರುತು ದಿನಾ ನೋಡುವುದು, ಬದಲಾದರೆ ನಳಿಕೆ ಸರಿದಿದೆ ಎಂದರ್ಥ. ಗಾಯ ಮಾಗಿದ ಮೇಲೆ, ವೈದ್ಯರು ಹೇಳಿದಂದಿನಿಂದ, ಅದನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸುವುದು. ತಿರುಗದಿದ್ದರೆ ಬಲ ಹಾಕದೆ ವೈದ್ಯರಿಗೆ ತೋರಿಸಬೇಕು. ಬಾಯಿಂದ ಊಟವಿಲ್ಲದಿದ್ದರೂ ಹಲ್ಲು, ನಾಲಿಗೆ ಸ್ವಚ್ಛವಾಗಿರಬೇಕು, ಏಕೆಂದರೆ ಎಂಜಲು ಶ್ವಾಸಕೋಶಕ್ಕೆ ಇಳಿಯುವುದನ್ನು ಪೆಗ್ ತಡೆಯುವುದಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಒಂದು ರಾತ್ರಿ ಕಾಲ್ ಮೇಲೆ ಕಾಲ್ ಇತ್ತು. ಅವಸರದಲ್ಲಿ ಮೂರು ಮಾತ್ರೆ ಒಟ್ಟಿಗೆ ಅರೆದು, ಸೋಸದ ರಾಗಿ ಗಂಜಿಯಲ್ಲೇ ಕಲಸಿ ಹಾಕಿದೆ. ನಳಿಕೆ ಕಟ್ಟಿಕೊಂಡಿತು. ಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಹಿಂದೆ ಮುಂದೆ ಎಳೆಯುತ್ತ ಅದು ಬಿಡುವಷ್ಟರಲ್ಲಿ ಬೆಳಗಾಯಿತು. ಅಂದಿನಿಂದ ಒಂದೊಂದು ಮಾತ್ರೆ ಬೇರೆ ಬೇರೆ, ನಡುವೆ ನೀರು. ಗಂಜಿ ತೆಳು ಬಟ್ಟೆಯಲ್ಲಿ ಸೋಸಿಯೇ. ಎಲ್ಲ ಮಾತ್ರೆಗಳನ್ನೂ ಅರೆಯುವಂತಿಲ್ಲ, ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆ ಅರೆದರೆ ಅಪಾಯ. ವೈದ್ಯರನ್ನು ಕೇಳಿ ಬದಲಿ ಪಡೆಯಿರಿ.

ನಳಿಕೆ ಪೂರ್ತಿ ಹೊರಗೆ ಬಂದರೆ ನಾಳೆ ನೋಡೋಣ ಎನ್ನಬೇಡಿ. ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಹೊಸ ಗಾಯವಾದರೆ ನೀವೇ ತುರುಕುವುದಂತೂ ಬೇಡ, ಹೊಟ್ಟೆಯೊಳಗೆ ತಪ್ಪು ಜಾಗಕ್ಕೆ ಹೋಗಬಹುದು. ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ. ಜ್ವರ, ಕೀವು, ರಕ್ತ, ನಿಲ್ಲದ ವಾಂತಿ, ಗಟ್ಟಿಯಾದ ಹೊಟ್ಟೆ ಕಂಡರೂ ಅಷ್ಟೇ.

ಎಲ್ಲರಿಗೂ ಪೆಗ್ ಬೇಕೆಂದಲ್ಲ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಇದರಿಂದ ಆಯುಸ್ಸು ಹೆಚ್ಚುವುದಿಲ್ಲ, ಕೈತುತ್ತೇ ಲೇಸು ಎನ್ನುತ್ತಾರೆ ತಜ್ಞರು. ನಮ್ಮ ಹೊನ್ನಾವರದ ಹಳದೀಪುರದಿಂದ ಮುಂಬಯಿಗೆ ಹೋಗಿ ನರ್ಸ್ ಆದ ಅರುಣಾ ಶಾನಭಾಗರನ್ನು ನೆನೆಯಿರಿ. 1973ರ ದಾಳಿಯ ನಂತರ ಕೆಇಎಂ ಆಸ್ಪತ್ರೆಯ ದಾದಿಯರು ದಶಕಗಳ ಕಾಲ ಅವರಿಗೆ ನುಣ್ಣಗೆ ಮಾಡಿದ ಊಟವನ್ನು ಬಾಯಿಗೇ ಉಣಿಸಿದರು. 2010ರಲ್ಲಿ ಜ್ವರ ಬಂದು ಉಣ್ಣಲಾಗದಾದ ಮೇಲೆಯೇ ರೈಲ್ಸ್ ಟ್ಯೂಬ್ ಬಂದದ್ದು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2018ರಲ್ಲಿ ಮತ್ತೊಂದು ಪ್ರಕರಣದಲ್ಲಿ, ಮುಂದೆ ನಮಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. ಊರಲ್ಲಿರುವ ಹಿರಿಯರೊಡನೆ ಈ ಮಾತು ಆರೋಗ್ಯವಾಗಿರುವಾಗಲೇ ಆಡುವುದು ಒಳ್ಳೆಯದು. ನಾನು ಆಡಿರಲಿಲ್ಲ. ಅಪ್ಪನ ಎಡಗೈ ಉಳಿದಿದ್ದು ನನ್ನ ಪುಣ್ಯ.

ಈಗ ನಾಲ್ಕು ತಿಂಗಳಾಯಿತು. ನುಂಗುವ ವ್ಯಾಯಾಮ ನಡೆದಿದೆ. ಕಳೆದ ವಾರ ಥೆರಪಿಸ್ಟ್ ದಿನಕ್ಕೆ ಎರಡು ಚಮಚ ಗಟ್ಟಿ ಮೊಸರಿಗೆ ಅನುಮತಿ ಕೊಟ್ಟರು. ಉಳಿದದ್ದೆಲ್ಲಾ ನಳಿಕೆಯಿಂದಲೇ. ಅವ್ವ ಮಾತ್ರ ಅದನ್ನು 'ಫೀಡ್' ಎನ್ನಲು ಒಪ್ಪುವುದಿಲ್ಲ. ಸಿರಿಂಜ್ ಎತ್ತಿ ಹಿಡಿದು, "ಇವತ್ತ ಹೆಸರಬ್ಯಾಳಿ ಕಟ್ಟು ಮಾಡೀನಿ, ನೋಡ್ರಿ" ಎಂದು ಅಪ್ಪನಿಗೆ ಹೇಳುತ್ತಾಳೆ. ಅದು ಇಳಿದ ಮೇಲೆಯೇ ತನ್ನ ತಾಟು ಹಚ್ಚಿಕೊಳ್ಳುತ್ತಾಳೆ.