ಕರೆದವರು ಆ ತುದಿಯಲ್ಲಿ ಇರಬೇಕು

1/7
ಮೊದಲ ಫೋಟೋ ಒಂದ್ಸಲ ಸರಿಯಾಗಿ ನೋಡಿ. ಸೈನಿಕನ ಹೆಲ್ಮೆಟ್ ಅಂಗಾತ ಇಟ್ಟಿದ್ದಾರೆ, ಅದರೊಳಗೆ ಒಂದು ನಾಯಿ ಕೂತಿದೆ. ಮರಿ ಅಲ್ಲ, ಪೂರ್ತಿ ಬೆಳೆದ ನಾಯಿ. ಎತ್ತರ 7 ಇಂಚು, ತೂಕ 2 ಕೆಜಿಗೂ ಕಮ್ಮಿ. ಯಾರ್ಕ್‌ಷೈರ್ ಟೆರಿಯರ್ ಜಾತಿ, ಹೆಸರು ಸ್ಮೋಕಿ. ಎರಡನೇ ಮಹಾಯುದ್ಧದ ಟೈಮಲ್ಲಿ, 1944ರಲ್ಲಿ, ನ್ಯೂಗಿನಿಯಲ್ಲಿ ತೆಗೆದ ಫೋಟೋ ಇದು.

ಹೋದ ವಾರ ಇವಳದೇ ಒಂದು ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡ್ತು. ಎಲ್ಲರೂ ಹಾರ್ಟ್ ಹಾಕಿದ್ರಿ, ನಾನೂ ಹಾಕಿದೆ. ಆದ್ರೆ ಆ ರೀಲ್ ಮೂವತ್ತು ಸೆಕೆಂಡಲ್ಲಿ "ಹೀರೋ ನಾಯಿ" ಅಂತ ಹೇಳಿ ಮುಗಿಸಿಬಿಡುತ್ತೆ. ನನ್ನ ತಕರಾರು ಇರೋದು ಆ ಪದದ ಮೇಲೇ. ಅದಕ್ಕೇ ಈ ಸಲದ ಸರಣಿ ಸ್ವಲ್ಪ ಉದ್ದ. ಬಸ್ಸಲ್ಲಿ ಸೀಟು ಸಿಕ್ಕಿದಾಗ ಓದಿ.

2/7
1944ರ ಫೆಬ್ರವರಿ. ನ್ಯೂಗಿನಿಯ ಕಾಡಲ್ಲಿ, ಯಾರೋ ಬಿಟ್ಟುಹೋಗಿದ್ದ ಒಂದು ಕಂದಕದಲ್ಲಿ ಅಮೆರಿಕದ ಸೈನಿಕನೊಬ್ಬನಿಗೆ ಈ ನಾಯಿ ಸಿಕ್ತು. ಜಪಾನಿ ಸೈನಿಕರದ್ದಿರಬೇಕು ಅಂದುಕೊಂಡರು. ಆದ್ರೆ ಅದಕ್ಕೆ ಜಪಾನಿ ಭಾಷೆಯ ಆಜ್ಞೆಯೂ ತಿಳೀಲಿಲ್ಲ, ಇಂಗ್ಲಿಷೂ ತಿಳೀಲಿಲ್ಲ. ಕೊನೆಗೆ ಅದು ಬಂದಿದ್ದು ಬಿಲ್ ವಿನ್ ಎಂಬ ಹುಡುಗನ ಕೈಗೆ. ಒಹಾಯೋ ರಾಜ್ಯದವನು, ವಾಯುಪಡೆಯ ಫೋಟೋ ವಿಚಕ್ಷಣಾ ದಳದಲ್ಲಿದ್ದ. ಕೊಟ್ಟ ಬೆಲೆ ಎರಡು ಆಸ್ಟ್ರೇಲಿಯನ್ ಪೌಂಡ್. ಮಾರಿದವನಿಗೆ ಇಸ್ಪೀಟಾಟಕ್ಕೆ ದುಡ್ಡು ಬೇಕಿತ್ತಂತೆ!

ಸ್ಮೋಕಿ ಸೇನೆಯ ಅಧಿಕೃತ ನಾಯಿ ಆಗಿರಲಿಲ್ಲ. ಇದು ಮುಖ್ಯ, ನೆನಪಿಟ್ಟುಕೊಳ್ಳಿ. ಅಧಿಕೃತ ಯುದ್ಧನಾಯಿಗಳಿಗೆ ರೇಷನ್ ಇತ್ತು, ಪಶುವೈದ್ಯರಿದ್ದರು. ಇವಳಿಗೆ ಎರಡೂ ಇಲ್ಲ. ವಿನ್ ತನ್ನ ಡಬ್ಬಿ ಊಟದಲ್ಲೇ ಪಾಲು ಕೊಟ್ಟ. ಇಸ್ಪೀಟ್ ಮೇಜಿನ ಹಸಿರು ಬಟ್ಟೆಯೇ ಅವಳಿಗೆ ಹಾಸಿಗೆ. ವಿಮಾನ ಹಾರಿದರೆ ಅವಳೂ ಜೊತೆಗೆ. 12 ಹಾರಾಟಗಳಲ್ಲಿ ಅವಳು ಇದ್ದಳು ಅಂತ ದಾಖಲೆ ಹೇಳುತ್ತೆ.

ವಿನ್ ದೇವರೇನಲ್ಲ, ಅದನ್ನೂ ಹೇಳಬೇಕು. ಪುಟ್ಟ ಪ್ಯಾರಾಚೂಟ್ ಮಾಡಿ ಇವಳನ್ನ 30 ಅಡಿ ಎತ್ತರದ ಮರದಿಂದ ಕೆಳಗೆ ಬಿಡ್ತಿದ್ದ. ಇವತ್ತು ಯಾರಾದ್ರೂ ಆ ಥರ ರೀಲ್ ಮಾಡಿದ್ರೆ ನಾನೇ ರಿಪೋರ್ಟ್ ಹೊಡೀತೀನಿ.

3/7
ಈಗ ಎಲ್ಲರಿಗೂ ಗೊತ್ತಿರೋ ಪೈಪಿನ ಕಥೆ. 1945ರ ಜನವರಿ, ಫಿಲಿಪೀನ್ಸ್‌ನ ಲಿಂಗಾಯೆನ್ ಕೊಲ್ಲಿ. ವಿಮಾನ ನಿಲ್ದಾಣದ ಅಡಿಯಿಂದ ಟೆಲಿಫೋನ್ ತಂತಿ ಎಳೀಬೇಕಿತ್ತು. ನೆಲದ ಕೆಳಗೆ 70 ಅಡಿ ಉದ್ದದ ಪೈಪು ಹೇಗೂ ಇತ್ತು. ಆದ್ರೆ ಅದರ ಅಗಲ ಬರೀ 8 ಇಂಚು. ಜೋಡಣೆ ಇರೋ ಕಡೆ ಮಣ್ಣು ಜಾರಿ ಒಳಗೆ ಬಿದ್ದು, ಕೆಲವು ಕಡೆ ಅರ್ಧ ಪೈಪು ಮುಚ್ಚಿಹೋಗಿತ್ತು. ನೆಲ ಅಗೆದು ತಂತಿ ಹಾಕೋಣ ಅಂದ್ರೆ ಮೂರು ದಿನದ ಕೆಲಸ. ಅಷ್ಟೂ ದಿನ ಸುಮಾರು 250 ಜನ, 40 ವಿಮಾನ, ಎಲ್ಲವೂ ಶತ್ರುವಿನ ಬಾಂಬಿಗೆ ಎದೆಯೊಡ್ಡಿ ಕೂರಬೇಕು.

ವಿನ್ ಸ್ಮೋಕಿಯ ಕೊರಳಪಟ್ಟಿಗೆ ದಾರ ಕಟ್ಟಿದ. ಇನ್ನೊಂದು ತುದಿಗೆ ಓಡಿಹೋಗಿ, ಮೊಣಕಾಲೂರಿ, ಪೈಪಿನ ಬಾಯಿಗೆ ಮುಖ ಕೊಟ್ಟು ಅವಳ ಹೆಸರು ಕೂಗಿದ. ಅವಳು ಒಂದು ಹತ್ತು ಅಡಿ ಬಂದು, ದಾರ ಸಿಕ್ಕಿಕೊಂಡಂತಾಗಿ ನಿಂತಳು, ಹಿಂದಕ್ಕೆ ನೋಡಿದಳು. ಅವನು ಮತ್ತೆ ಕರೆದ. ದೂಳು, ಬೂಷ್ಟು, ಕತ್ತಲೆ. ಎಷ್ಟೋ ಹೊತ್ತಿನ ಮೇಲೆ ಎರಡು ಪುಟ್ಟ ಕಣ್ಣು ಹೊಳೆದವು. ಹತ್ತಿರ ಬರ್ತಿದ್ದ ಹಾಗೇ ಓಡಿಬಂದು ಅವನ ಕೈ ಸೇರಿದಳು. ಮೂರು ದಿನದ ಕೆಲಸ ಕೆಲವೇ ನಿಮಿಷದಲ್ಲಿ ಮುಗೀತು.

ರೀಲ್ ಇಲ್ಲಿಗೆ ನಿಲ್ಲುತ್ತೆ. ನನ್ನ ಪ್ರಶ್ನೆ ಇಲ್ಲಿಂದ ಶುರು. ಸ್ಮೋಕಿಗೆ ಯುದ್ಧ ಅಂದ್ರೆ ಗೊತ್ತಿತ್ತಾ? 250 ಜನರ ಜೀವ, 40 ವಿಮಾನ, ಗೆಲುವು, ಸೋಲು, ಇದ್ಯಾವುದೂ ಅವಳ ತಲೇಲಿ ಇರಲಿಲ್ಲ. ಅವಳು ಆ ಕತ್ತಲೆಗೆ ನುಗ್ಗಿದ್ದು ಒಂದೇ ಕಾರಣಕ್ಕೆ: ಆ ತುದಿಯಿಂದ ಗೊತ್ತಿರೋ ದನಿಯೊಂದು ಕರೀತಿತ್ತು. ಇದನ್ನ ಶೌರ್ಯ ಅಂತ ಕರೆಯೋದಕ್ಕಿಂತ ನಂಬಿಕೆ ಅಂತ ಕರೆಯೋದು ಸರಿ. ಶೌರ್ಯಕ್ಕಾದ್ರೆ ಒಂದು ಪದಕ ಕೊಟ್ಟು ಕೈ ತೊಳ್ಕೋಬಹುದು. ನಂಬಿಕೆಗೆ ಹಾಗಲ್ಲ. ಅದು ಸಾಲ. ಕರೆದವನ ತಲೆ ಮೇಲೇ ಇರುತ್ತೆ.

4/7
ಪೈಪಿಗಿಂತ ನನಗೆ ದೊಡ್ಡದು ಅನ್ನಿಸೋದು ಆಸ್ಪತ್ರೆಯ ಕಥೆ. ಇದು ಪೈಪಿಗಿಂತ ಮೊದಲಿನದು. ನ್ಯೂಗಿನಿಯಲ್ಲೇ ವಿನ್‌ಗೆ ಡೆಂಗಿ ಬಂತು. ಡೆಂಗಿ ಜ್ವರ ಅಂದ್ರೆ ಏನು ಅಂತ ನಮ್ಮ ಹಾಸ್ಟೆಲ್ ಹುಡುಗರಿಗೆ ನಾನು ಹೇಳಬೇಕಾಗಿಲ್ಲ, ಮೈಮೂಳೆಯೆಲ್ಲ ಮುರಿದ ಹಾಗೆ. ಅವನ ಗೆಳೆಯರು ಸ್ಮೋಕಿಯನ್ನ ನೋಡೋಕೆ ಕರ್ಕೊಂಡು ಬಂದ್ರು. ಅದೇ ಸಮಯಕ್ಕೆ ಬಿಯಾಕ್ ದ್ವೀಪದ ಕಾಳಗದಲ್ಲಿ ಗಾಯಗೊಂಡವರು ಆ ಆಸ್ಪತ್ರೆಗೆ ಬರ್ತಿದ್ರು. ನರ್ಸ್‌ಗಳು, ಇವಳನ್ನ ಅವರ ಹಾಸಿಗೆಗಳ ಹತ್ತಿರವೂ ಕರ್ಕೊಂಡು ಹೋಗ್ತೀವಿ ಅಂತ ಕೇಳಿದರು. ಅಲ್ಲಿ ಮುಖ್ಯಸ್ಥರಾಗಿದ್ದವರು ಡಾ. ಚಾರ್ಲ್ಸ್ ಮೇಯೊ. ಹೌದು, ಮೇಯೊ ಕ್ಲಿನಿಕ್‌ನ ಅದೇ ಮನೆತನ. ಅವರು ಒಪ್ಪಿದರು. ಐದು ರಾತ್ರಿ ಅವಳು ವಿನ್ ಹಾಸಿಗೆಯಲ್ಲೇ ಮಲಗಿದಳು, ಹಗಲು ನರ್ಸ್‌ಗಳ ಜೊತೆ ವಾರ್ಡ್ ಸುತ್ತಿದಳು.

ದಾಖಲೆ ಇರೋ ಮೊದಲ ಥೆರಪಿ ನಾಯಿ ಇವಳೇ ಅಂತ ಹಲವರು ಹೇಳ್ತಾರೆ. ಮೊದಲನೆಯವಳೋ ಅಲ್ಲವೋ, ಆ ಲೆಕ್ಕ ನನಗೆ ಮುಖ್ಯ ಅಲ್ಲ. ಆಗ "ಥೆರಪಿ ನಾಯಿ" ಅನ್ನೋ ಮಾತೇ ಬಳಕೆಯಲ್ಲಿ ಇರಲಿಲ್ಲ. ತರಬೇತಿ ಪಡೆದ ನಾಯಿಗಳನ್ನ ಪರೀಕ್ಷಿಸಿ ಆಸ್ಪತ್ರೆಗಳಿಗೆ ಕಳಿಸೋ ಸಂಸ್ಥೆಯನ್ನ ಎಲೇನ್ ಸ್ಮಿತ್ ಎಂಬ ನರ್ಸ್ ಅಮೆರಿಕದಲ್ಲಿ ಶುರು ಮಾಡಿದ್ದೇ 1976ರಲ್ಲಿ. ಅಂದ್ರೆ ಹೆಸರು ಹುಟ್ಟೋ ಮೊದಲೇ ಕೆಲಸ ನಡೀತಿತ್ತು. ಕಾಲು ಕಳ್ಕೊಂಡು ಮಲಗಿರೋ ಹತ್ತೊಂಬತ್ತು ವರ್ಷದ ಹುಡುಗನ ಪಕ್ಕ ಎರಡು ಕೆಜಿಯ ಬಿಸಿ ಜೀವವೊಂದು ಸುಮ್ಮನೆ ಬಂದು ಕೂತರೆ ಏನಾಗುತ್ತೆ ಅನ್ನೋದು ಆ ನರ್ಸ್‌ಗಳಿಗೆ ಕಣ್ಣಲ್ಲೇ ಕಂಡಿತ್ತು.

5/7
ಯುದ್ಧ ಮುಗೀತು. ಮನೆಗೆ ಹೋಗೋ ಹಡಗಲ್ಲಿ ಇಂಥ ನಾಯಿಗಳಿಗೆ ಜಾಗ ಇಲ್ಲ. ವಿನ್ ಏನು ಮಾಡಿದ ಗೊತ್ತಾ? ಆಕ್ಸಿಜನ್ ಮಾಸ್ಕ್ ಇಡೋ ಚೀಲದಲ್ಲಿ ಅವಳನ್ನ ಬಚ್ಚಿಟ್ಟುಕೊಂಡು ಹಡಗು ಹತ್ತಿದ. ಪೈಪಿನ ಆ ತುದಿಯಲ್ಲಿ ಮೊಣಕಾಲೂರಿದ್ದ ಮನುಷ್ಯ ಇಲ್ಲೂ ಜಾಗ ಬಿಟ್ಟು ಕದಲಲಿಲ್ಲ. ಊರಿಗೆ ಬಂದಮೇಲೂ ಇಬ್ಬರೂ ಆಸ್ಪತ್ರೆಗಳಿಗೆ ಹೋಗಿ ಗಾಯಾಳು ಸೈನಿಕರನ್ನ ನಗಿಸಿದರು, ಟಿವಿಯಲ್ಲೂ ಬಂದರು. 1957ರ ಫೆಬ್ರವರಿ 21ರಂದು ಅವಳು ತೀರಿಕೊಂಡಳು, ಅಂದಾಜು 14 ವರ್ಷ ಆಗಿತ್ತು. ಅವಳನ್ನ ಮಣ್ಣು ಮಾಡಿದ್ದು ಯುದ್ಧಕಾಲದ ಒಂದು ಗುಂಡಿನ ಪೆಟ್ಟಿಗೆಯಲ್ಲಿಟ್ಟು. 2005ರಲ್ಲಿ ಅಲ್ಲೇ, ಒಹಾಯೋದ ಲೇಕ್‌ವುಡ್‌ನಲ್ಲಿ, ಹೆಲ್ಮೆಟ್ ಒಳಗೆ ಕೂತ ಅವಳ ಕಂಚಿನ ಪ್ರತಿಮೆ ನಿಂತಿತು. ಮುಂದೆ ಪತ್ರಿಕೆಯ ಫೋಟೋಗ್ರಾಫರ್ ಆಗಿದ್ದ ವಿನ್ 2021ರಲ್ಲಿ, 99ನೇ ವಯಸ್ಸಲ್ಲಿ ತೀರಿಕೊಂಡರು.

ಎಲ್ಲ ನಾಯಿಗಳಿಗೂ ಒಬ್ಬ ವಿನ್ ಸಿಗಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸಾವಿರಾರು ನಾಯಿಗಳು ದುಡಿದವು. ವಾಪಸ್ ಬಂದಿದ್ದು ಕೆಲವೇ ನೂರು. ಉಳಿದವು "ಹೆಚ್ಚುವರಿ ಸಾಮಾನು" ಲೆಕ್ಕಕ್ಕೆ ಸೇರಿದವು. ನಿವೃತ್ತ ಸೇನಾ ನಾಯಿಗಳನ್ನ ದತ್ತು ಕೊಡೋ ಕಾನೂನು ಅಲ್ಲಿ ಬಂದಿದ್ದು 2000ದಲ್ಲಿ. ನಮ್ಮ ದೇಶದಲ್ಲೂ ಸೇವೆಗೆ ಅನರ್ಹವಾದ ಸೇನಾ ನಾಯಿಗಳನ್ನ ದಯಾಮರಣಕ್ಕೆ ಕಳಿಸೋ ಪದ್ಧತಿ ಇತ್ತು. 2015ರಲ್ಲಿ ಮಾಹಿತಿ ಹಕ್ಕಿನಡಿ ಅದು ಹೊರಬಿದ್ದು, ವಿಷಯ ಹೈಕೋರ್ಟ್ ತನಕ ಹೋದಮೇಲೆ ಪರಿಸ್ಥಿತಿ ಬದಲಾಯ್ತು. ಈಗ ದತ್ತು ಕೊಡೋ ವ್ಯವಸ್ಥೆ ಇದೆ. 2016ರಲ್ಲಿ ನಮ್ಮ ಮುಧೋಳದ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದಾಗ ನಾವೆಲ್ಲ ಹೆಮ್ಮೆಪಟ್ಟು ಸ್ಟೇಟಸ್ ಹಾಕಿದ್ವಿ. ಹೋಗೋದನ್ನ ಸಂಭ್ರಮಿಸಿದ ನಾವು, ಮುಪ್ಪಾದಮೇಲೆ ಅವು ಎಲ್ಲಿರ್ತವೆ ಅಂತಲೂ ಕೇಳಬೇಕಲ್ವಾ?

6/7
ಸೇನೆ, ಸರ್ಕಾರ ಅಂತ ಬೆರಳು ತೋರಿಸೋದು ಸುಲಭ. ಈಗ ನನ್ನ ಮನೆಯದ್ದು ಹೇಳ್ತೀನಿ. ಇದನ್ನ ಬರೆಯೋಕೆ ಎರಡು ದಿನ ಹಿಡೀತು.

ನಮ್ಮ ದೊಡ್ಡಪ್ಪನ ಅಡಿಕೆ ತೋಟದಲ್ಲಿ ಕರಿಯ ಅಂತ ಒಂದು ಊರನಾಯಿ ಇತ್ತು. ಹಗಲು ಮಂಗ ಓಡಿಸೋದು, ರಾತ್ರಿ ಹಂದಿ ಬಂದ್ರೆ ಬೊಗಳಿ ಎಬ್ಬಿಸೋದು, ಅವನ ಕೆಲಸ ಇಷ್ಟು. ಅಜ್ಜನಿಗೆ ಲಕ್ವ ಹೊಡೆದು ಜಗಲಿ ಮಂಚ ಹಿಡಿದಮೇಲೆ ಇನ್ನೊಂದು ಕೆಲಸ ಅವನಾಗೇ ಹಚ್ಚಿಕೊಂಡ. ಮಧ್ಯಾಹ್ನ ಬಂದು ಮಂಚದ ಪಕ್ಕ ನಿಲ್ಲೋನು. ಅಜ್ಜ ಸ್ವಾಧೀನ ಇದ್ದ ಕೈಯನ್ನ ಅವನ ತಲೆ ಮೇಲೆ ಇಡೋರು. ಯಾರ ಜೊತೆಗೂ ಮಾತಾಡದ ಅಜ್ಜ ಅವನಿಗೆ ಮಾತ್ರ "ಬಂದ್ಯೇನೋ" ಅನ್ನೋರು. ನಮ್ಮನೇಲಿ ಅದನ್ನ ಯಾರೂ ಥೆರಪಿ ಅನ್ನಲಿಲ್ಲ.

ಅಜ್ಜ ಹೋದರು. ಎರಡು ವರ್ಷಕ್ಕೆ ಕರಿಯನ ಕಣ್ಣಿಗೆ ಪೊರೆ ಬಂತು, ಹಿಂಗಾಲು ಸೋತಿತು. ಕಿವಿ ಮಾತ್ರ ಚುರುಕಾಗಿತ್ತು. ಮಂಗ ಬಂದ್ರೂ ಎದ್ದು ಓಡೋಕೆ ಆಗ್ತಿರಲಿಲ್ಲ. ಹೊಸ ನಾಯಿ ತರಬೇಕು, ಇವನನ್ನ ಪೇಟೆ ಮೀನು ಮಾರ್ಕೆಟ್ ಹತ್ರ ಬಿಟ್ರೆ ತಿನ್ನೋಕಾದ್ರೂ ಸಿಗುತ್ತೆ ಅಂತ ಮನೇಲಿ ತೀರ್ಮಾನ ಆಯ್ತು. ಪಿಕಪ್ ಹತ್ತೋಕೆ ಅವನು ಯಾರಿಗೂ ಬಗ್ಗಲಿಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, "ನೀ ಕರಿ, ನಿನ್ ಮಾತು ಕೇಳ್ತಾನೆ" ಅಂದ್ರು.

ನಾನು ಕರೆದೆ. ಅವನು ಬಂದ. ಬಾಲ ಆಡಿಸ್ತಾನೇ ಬಂದ. ಹಿಂಗಾಲು ಎತ್ತೋಕೆ ಆಗಲಿಲ್ಲ, ನಾನೇ ಎತ್ತಿ ಹತ್ತಿಸಿದೆ. ಆಗ ನಾನು ಎಂಟನೇ ಕ್ಲಾಸು. ಚಿಕ್ಕವನಿದ್ದೆ ಅನ್ನೋ ನೆಪ ನನಗೆ ಸಾಕಾಗಲ್ಲ, ಯಾಕಂದ್ರೆ ಎಲ್ಲಿಗೆ ಹೋಗ್ತಿದೀವಿ ಅಂತ ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

7/7
ಸ್ಮೋಕಿ ಬಿಟ್ಟುಹೋಗಿದ್ದು ಏನು ಅಂತ ಕೇಳಿದ್ರೆ ಕಂಚಿನ ಪ್ರತಿಮೆ, ಮೊದಲ ಥೆರಪಿ ನಾಯಿ ಅನ್ನೋ ಬಿರುದು ಅಂತೆಲ್ಲ ಹೇಳಬಹುದು. ನನ್ನ ಪ್ರಕಾರ ಅವಳು ಬಿಟ್ಟುಹೋಗಿದ್ದು ಒಂದು ನಿಯಮ: ಕತ್ತಲೆಯೊಳಗೆ ಕರೆದವನು ಆ ತುದಿಯಲ್ಲಿ ಇರಬೇಕು. ಕೆಲಸ ಮುಗಿಯೋ ತನಕ ಅಲ್ಲ, ಆ ಜೀವ ಮುಗಿಯೋ ತನಕ.

"ಮನುಷ್ಯರ ಔಷಧಿಗೇ ದುಡ್ಡಿಲ್ಲ, ಮುದಿನಾಯಿ ಸಾಕೋದು ಶೋಕಿ" ಅಂತ ಕೆಲವರು ಕಮೆಂಟ್ ಹಾಕ್ತೀರಿ, ಗೊತ್ತು. ಆ ಮಾತಿನಲ್ಲಿ ಸುಳ್ಳಿಲ್ಲ, ಕಷ್ಟ ಇರೋ ಮನೆಗಳನ್ನ ನಾನೂ ನೋಡಿದ್ದೀನಿ. ಆದ್ರೆ ಕರಿಯನಿಗೆ ಬೇಕಾಗಿದ್ದು ಒಂದು ಹಿಡಿ ಅನ್ನ, ಮಲಗೋಕೆ ಒಂದು ಗೋಣಿಚೀಲ, ಮಳೆ ಬೀಳದ ಒಂದು ಮೂಲೆ. ಅದು ನಮ್ಮನೇಲಿ ಇತ್ತು. ಇಲ್ಲದೇ ಹೋಗಿದ್ದು ದುಡ್ಡಲ್ಲ. ಇನ್ನೊಂದು ವಿಷಯ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಬಿಟ್ಟುಬರೋದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಅಪರಾಧ. ನಮ್ಮೂರಲ್ಲಿ ಅದನ್ನ ಅಪರಾಧ ಅಂತ ಯಾರೂ ಅಂದುಕೊಂಡೇ ಇಲ್ಲ.

ನಿಮ್ಮಲ್ಲಿ ಯಾರಾದ್ರೂ ಈ ವರ್ಷ ನಾಯಿ ತರೋ ಯೋಚನೆಯಲ್ಲಿದ್ರೆ ಒಂದೇ ಮಾತು. ತೋಟ ಕಾಯೋಕೋ, ಮನೆ ಕಾಯೋಕೋ, ಅಜ್ಜಿಗೆ ಜೊತೆಗೋ, ರೀಲಿಗೋ, ಯಾವುದಕ್ಕಾದ್ರೂ ತನ್ನಿ. ಆದ್ರೆ ತರೋ ದಿನವೇ ಮನೆಯವರನ್ನ ಕೂರಿಸಿಕೊಂಡು ಕೇಳಿ: ಹನ್ನೆರಡು ವರ್ಷ ಆದಮೇಲೆ ಇದು ಎಲ್ಲಿ ಮಲಗುತ್ತೆ? ಉತ್ತರ ಸಿಗದಿದ್ರೆ ತರಬೇಡಿ.

ಕಮೆಂಟಲ್ಲಿ ಸ್ಮೋಕಿಗೆ ಹಾರ್ಟ್ ಬೇಡ. ನಿಮ್ಮ ಮನೆಗೆ, ತೋಟಕ್ಕೆ, ಅಂಗಡಿಗೆ ದುಡಿದ ಒಂದು ನಾಯಿಯ ಹೆಸರು ಬರೀರಿ, ಅದರ ಕೊನೆಯ ದಿನಗಳು ಎಲ್ಲಿ ಕಳೆದವು ಅಂತಲೂ ಬರೀರಿ. ಮೊದಲನೇದು ನಾನೇ ಬರೀತೀನಿ.

ಕರಿಯ. ಗೊತ್ತಿಲ್ಲ.

#ಸ್ಮೋಕಿ #ಕರಿಯ #ದುಡಿದನಾಯಿಗಳು #ಕನ್ನಡಬರಹ