ಗೋಡೆ ಪೊಳ್ಳು, ಬೈಗುಳ ಮಾತ್ರ ಅತ್ತಿಗೆಗೆ

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಹೊಡೆದಿದ್ದ ಸ್ಟೀಲ್ ಪಾತ್ರೆ ಸ್ಟ್ಯಾಂಡು ಒಂದು ಮಧ್ಯಾಹ್ನ ತಟ್ಟೆ, ಲೋಟ, ಡಬ್ಬಿ ಸಮೇತ ಕಿತ್ತುಕೊಂಡು ಬಿತ್ತು. ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದ ಅತ್ತಿಗೆಯ ಹೆಗಲ ಮೇಲೆ. ಕಾಲರ್ ಬೋನ್ ಮುರಿಯಿತು. ಆರು ವಾರ ಬಲಗೈ ಕೊರಳಿಗೆ ಕಟ್ಟಿಕೊಂಡು ಓಡಾಡಿದರು.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಅಷ್ಟೊಂದು ಭಾಂಡೆ ಯಾಕ ಇಟ್ಟಿದ್ಲು?"

ನನ್ನ ಸಿಟ್ಟು ಶುರುವಾಗಿದ್ದು ಅಲ್ಲಿಂದ. ಪಾತ್ರೆ ಇಡಲೆಂದೇ ಮಾಡಿದ ಸ್ಟ್ಯಾಂಡಿನಲ್ಲಿ ಪಾತ್ರೆ ಇಟ್ಟಿದ್ದೇ ತಪ್ಪಂತೆ! ಆ ಗೋಡೆ ಯಾವುದರಿಂದ ಮಾಡಿದ್ದು ಎಂದು ಒಬ್ಬರೂ ಕೇಳಲಿಲ್ಲ.

ಅದು ಜಿಪ್ಸಂ ಬೋರ್ಡಿನ ಗೋಡೆ. ಅಣ್ಣ, ನಾನು ಬೇರೆಯಾದಾಗ ಉದ್ದನೆಯ ಪಡಸಾಲೆಯನ್ನು ಎರಡು ಮಾಡಬೇಕಿತ್ತು. ಇಟ್ಟಿಗೆ ಗೋಡೆ ಕಟ್ಟಿದರೆ ಸಿಮೆಂಟು, ಮರಳು, ವಾರಗಟ್ಟಲೆ ನೀರುಣಿಸುವುದು. ಬೋರ್ಡಿನವರು ಎರಡು ದಿನದಲ್ಲಿ ಮುಗಿಸಿ ಹೋದರು. ಈಗ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲೂ ಇದು ಬಂದಿದೆ. ಪಾಲಾದ ಮನೆ, ಮಹಡಿ ಮೇಲಿನ ಕೋಣೆ, ಅಂಗಡಿ, ಟ್ಯೂಷನ್ ಕ್ಲಾಸು, ಎಲ್ಲ ಕಡೆ. ನಾನು ಬೋರ್ಡಿನ ವೈರಿಯಲ್ಲ. ಅದು ಹಗುರ, ನುಣುಪು, ಬೆಂಕಿಗೂ ಬೇಗ ಬಗ್ಗುವುದಿಲ್ಲ. ಆದರೆ ಅದನ್ನು ಮಾರುವವರೂ ಹೊಡೆಯುವವರೂ "ಗೋಡೆ" ಅಂದುಬಿಡುತ್ತಾರೆ. ಬಣ್ಣ ಹಚ್ಚಿದ ಮೇಲೆ ಕಣ್ಣಿಗೂ ಗೋಡೆಯೇ. ಮೋಸ ಇರುವುದು ಅಲ್ಲೇ.

ಒಳಗೆ ಏನಿದೆ? ತೆಳು ತಗಡಿನ ಚಾನೆಲ್‌ಗಳನ್ನು ಸಾಮಾನ್ಯವಾಗಿ ಎರಡಡಿಗೊಂದರಂತೆ ನಿಲ್ಲಿಸಿರುತ್ತಾರೆ. ಅದರ ಎರಡೂ ಬದಿಗೆ ಬೋರ್ಡು. ಬೋರ್ಡಿನ ದಪ್ಪ ಹೆಚ್ಚಾಗಿ ಹನ್ನೆರಡೂವರೆ ಮಿಲಿಮೀಟರ್, ಅಂದರೆ ಅರ್ಧ ಇಂಚು. ಎರಡು ಕಾಗದದ ನಡುವೆ ಜಿಪ್ಸಂ, ಅಷ್ಟೇ. ನಡುವೆ ಎರಡು ಮೂರು ಇಂಚು ಬರೀ ಗಾಳಿ.

ಈ ಗೋಡೆಗೆ ಪಾತ್ರೆ ಸ್ಟ್ಯಾಂಡಿನವನು ಹೊಡೆದದ್ದು ಪ್ಲಾಸ್ಟಿಕ್ ಗಿಟ್ಟಿ, ಇಟ್ಟಿಗೆ ಗೋಡೆಗೆ ಹೊಡೆಯುವಂಥದ್ದು. ಗಿಟ್ಟಿ ಕೆಲಸ ಮಾಡುವ ರೀತಿ ಏನು? ಸ್ಕ್ರೂ ಒಳಗೆ ಹೋದಂತೆ ಅದು ಉಬ್ಬಿ ಸುತ್ತಲಿನ ಗಟ್ಟಿ ಇಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ. ಜಿಪ್ಸಂನಲ್ಲಿ ಉಬ್ಬಿದರೆ ಸುತ್ತಲಿನದು ಪುಡಿಯಾಗುತ್ತದೆ, ಹಿಂದೆ ಹಿಡಿಯಲು ಏನೂ ಇಲ್ಲ. ಮೊದಲ ದಿನ ಗಟ್ಟಿಯಾಗಿ ಕಾಣುತ್ತದೆ. ನಮ್ಮದು ಎಂಟು ತಿಂಗಳು ನಿಂತಿತು. ಎಂಟು ತಿಂಗಳು ನಿಂತದ್ದಕ್ಕೇ ಎಲ್ಲರಿಗೂ ಗೋಡೆ ಗಟ್ಟಿ ಎಂದು ನಂಬಿಕೆ ಬಂತು.

ಬಿದ್ದ ಮೇಲೆ ಎಲ್ಲವನ್ನೂ ಗೊಬ್ಬರದಂಗಡಿಯ ಕಾಟಾದಲ್ಲಿ ತೂಗಿಸಿದೆ. ಹುಚ್ಚು ಅನ್ನಿ, ತೂಗಿಸಿದೆ. ಪಾತ್ರೆ ಸಮೇತ 31 ಕೆಜಿ. ನಾಲ್ಕು ಗಿಟ್ಟಿಗಳ ಮೇಲೆ.

ಇನ್ನೊಂದು ಲೆಕ್ಕ ತೂಕದಲ್ಲಿ ಸಿಗುವುದಿಲ್ಲ. ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಅರ್ಧ ಕಿಲೋಮೀಟರ್ ನಡೆಯುವ ನಮ್ಮ ಹೆಣ್ಣುಮಕ್ಕಳಿಗೆ ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ಅನ್ನಿ. ಹಿಡಿದಾರಾ? ಗೋಡೆಗೆ ಅಂಟಿಕೊಂಡ ಟಿ.ವಿ. ಸೊಂಟದ ಕೊಡ. ಒಂದಡಿ ಮುಂದೆ ಚಾಚಿದ ಶೆಲ್ಫು, ಪಾತ್ರೆ ಸ್ಟ್ಯಾಂಡು, ಆಚೀಚೆ ತಿರುಗಿಸುವ ಉದ್ದ ತೋಳಿನ ಟಿ.ವಿ. ಬ್ರಾಕೆಟ್ಟು ಚಾಚಿದ ಕೈಯ ಕೊಡ. ಅವು ಮೇಲಿನ ಸ್ಕ್ರೂಗಳನ್ನು ಕೆಳಗೆ ಜಗ್ಗುವುದಷ್ಟೇ ಅಲ್ಲ, ಹೊರಗೂ ಎಳೆಯುತ್ತವೆ. ಬೋರ್ಡು ಸೋಲುವುದು ಈ ಹೊರಗಿನ ಎಳೆತಕ್ಕೆ. ಮಕ್ಕಳು ಜೋತುಬಿದ್ದರಂತೂ ಕೇಳುವುದೇ ಬೇಡ.

ಬೋರ್ಡಿನವನಿಗೆ ಫೋನ್ ಮಾಡಿದೆ. "ಬೋರ್ಡ್ ಹೊಡಿಯೂದಷ್ಟ ನಮ್ ಕೆಲಸ ರೀ. ಮೊಳಿ ಯಾರ್ ಹೊಡದ್ರು ಅವರ್ನ ಕೇಳ್ರಿ" ಅಂದ. ಮೊಳೆಯವನನ್ನು ಕೇಳಿದೆ. "ಗ್ವಾಡಿ ಸರಿ ಇಲ್ರಿ ಅಣ್ಣಾರ, ನಮ್ದೇನೈತಿ?" ಅಂದ. ಇಬ್ಬರೂ ತಮ್ಮ ತಮ್ಮ ಪಾಲಿಗೆ ಸತ್ಯವಂತರೇ. ಇಬ್ಬರ ನಡುವೆ ಇದ್ದ ಎರಡಿಂಚು ಗಾಳಿಗೆ ಯಾರೂ ಜವಾಬ್ದಾರರಲ್ಲ. ಸುದ್ದಿ ಬರೆದು ಕಳಿಸಿದೆ. ಡೆಸ್ಕಿನವರು "ಜೀವಹಾನಿ ಇಲ್ಲವಲ್ಲ?" ಎಂದು ಕೇಳಿ ಸುಮ್ಮನಾದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಜ್ಜನ ಕಾಲದ ಮನೆ ನೆನಪಿಸಿಕೊಳ್ಳಿ. ಎರಡಡಿ ದಪ್ಪದ ಮಣ್ಣಿನ ಗೋಡೆ. ದೀಪಕ್ಕೆ, ಡಬ್ಬಿಗೆ ಗೋಡೆಯೊಳಗೇ ಗೂಡು. ನೊಗ, ಹಗ್ಗ, ಬುಟ್ಟಿ ತೂಗುಹಾಕಲು ಮರದ ಗೂಟ. ಆ ಗೂಟವನ್ನು ಆಮೇಲೆ ಬಡಿದದ್ದಲ್ಲ, ಗೋಡೆ ಏರಿಸುವಾಗಲೇ ಮಣ್ಣಿನೊಳಗೆ ಆಳಕ್ಕೆ ಕೂರಿಸಿದ್ದು. ಎಲ್ಲಿ ಗೂಟ ಬೇಕು ಎಂದು ಕಟ್ಟುವವನು ಮನೆಯ ಹೆಂಗಸರನ್ನು ಮೊದಲೇ ಕೇಳುತ್ತಿದ್ದ. ನಮ್ಮ ಬೋರ್ಡಿನವನು ಅತ್ತಿಗೆಯನ್ನು ಕೇಳಿದ್ದು ಬಣ್ಣ ಯಾವುದು ಎಂದು ಮಾತ್ರ.

ಬೋರ್ಡಿನ ಗೋಡೆಗೂ ಗೂಟ ಇಡಬಹುದು. ಚಾನೆಲ್ ನಿಲ್ಲಿಸಿದ ಮೇಲೆ, ಬೋರ್ಡು ಮುಚ್ಚುವ ಮೊದಲು, ಟಿ.ವಿ. ಬರುವಲ್ಲಿ, ಶೆಲ್ಫು ಬರುವಲ್ಲಿ ಮುಕ್ಕಾಲಿಂಚಿನ ಪ್ಲೈವುಡ್ ಪಟ್ಟಿಯನ್ನು ಚಾನೆಲ್‌ನಿಂದ ಚಾನೆಲ್‌ಗೆ ಅಡ್ಡ ಕೂರಿಸಿ ಸ್ಕ್ರೂ ಬಿಗಿಯಬೇಕು. ಅಡುಗೆಕೋಣೆಯಾದರೆ ನೀರು ತಡೆಯುವ ಪ್ಲೈ. ಬೋರ್ಡು ಮುಚ್ಚಿದ ಮೇಲೆ ಸ್ಕ್ರೂ ಹೋಗಿ ಕಚ್ಚುವುದು ಆ ಮರವನ್ನು. ಅರ್ಧ ತಾಸಿನ ಕೆಲಸ. ಇದು ಕಸುಬಿನವರಿಗೆ ಗೊತ್ತಿಲ್ಲದ್ದೇನಲ್ಲ. ಕೇಳಿದವರ ಮನೆಗೆ ಹಾಕುತ್ತಾರೆ, ಕೇಳದವರ ಮನೆಗೆ ಹಾಕುವುದಿಲ್ಲ. ಹಳ್ಳಿಯವರು ಕೇಳುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಕೇಳಲಿಕ್ಕೆ ನಮಗೆ ಗೊತ್ತಿರಬೇಕಲ್ಲ?

ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅಳತೆ ಟೇಪು ಹಿಡಿದು. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು, ಎಲ್ಲಿ ಪ್ಲೈ, ಎಲ್ಲಿ ಕರೆಂಟಿನ ಪೈಪು. ಮೊಳೆ ಹೊಡೆಯುವವನು ಬಂದಾಗ ಮೊದಲು ಅದನ್ನು ತೋರಿಸಿ. ಅದೊಂದಿದ್ದರೆ "ನನಗೇನು ಗೊತ್ತು" ಅನ್ನಲು ಅವನಿಗೂ ಬಾಯಿ ಬರುವುದಿಲ್ಲ.

ಗೋಡೆ ಈಗಾಗಲೇ ಎದ್ದು ನಿಂತಿದ್ದರೆ ಮೊದಲು ಬೆರಳು ಮಡಿಚಿ ತಟ್ಟಿ. ಡಬ್ ಡಬ್ ಅಂದರೆ ಪೊಳ್ಳು. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಮೆಲ್ಲಗೆ ಸರಿಸಿ. ಬೋರ್ಡಿನ ಸ್ಕ್ರೂ ತಲೆಗೆ ಅದು ಎಳೆಯುತ್ತದೆ. ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಎಳೆದರೆ ಅಲ್ಲಿ ಚಾನೆಲ್ ಇದೆ. ಹಾಗೆ ಎರಡು ಮೂರು ಚಾನೆಲ್ ಹುಡುಕಿ, ಅವುಗಳಿಗೆ ಅಡ್ಡಲಾಗಿ ಹೊರಗಿನಿಂದಲೇ ಮರದ ಹಲಗೆ ಬಿಗಿದು, ಟಿ.ವಿ. ಬ್ರಾಕೆಟ್ಟನ್ನು ಆ ಹಲಗೆಗೆ ಹೊಡೆಯಿರಿ. ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಹಾಕಬೇಡಿ, ವೈರು ಹೋಗುವ ದಾರಿ ಅದೇ. ಆದರೂ ಮೇನ್ ಆಫ್ ಮಾಡಿಯೇ ಕೆಲಸ ಮಾಡಿ.

ಕನ್ನಡಿ, ಹಿರಿಯರ ಫೋಟೋ, ಗಡಿಯಾರಕ್ಕೆ ಟಾಗಲ್ ಬೋಲ್ಟ್ ಸಾಕು. ತೂತಿನೊಳಗೆ ಹೋಗಿ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬೋಲ್ಟು ಅದು. ಪೊಟ್ಟಣದ ಮೇಲಿನ ಕೆಜಿಯನ್ನು ನಂಬಿ ಪೂರ್ತಿ ಹೇರಬೇಡಿ, ಕಾಲು ಭಾಗಕ್ಕೆ ನಿಲ್ಲಿಸಿ. ಬೋರ್ಡು ತೇವ ಕುಡಿದಿದ್ದರೆ ಆ ಕಾಲು ಭಾಗವೂ ಇಲ್ಲ. ನೀರು ತಾಗಿದ ಜಿಪ್ಸಂ ಮೆತ್ತಗಾಗುತ್ತದೆ.

ಯೂಟ್ಯೂಬ್ ನೋಡಿ ಕಲಿಯುವ ಹುಡುಗರಿಗೆ ಒಂದು ಮಾತು. ಅಮೆರಿಕದ ವಿಡಿಯೋಗಳಲ್ಲಿ 16 ಇಂಚಿಗೊಂದು ಮರದ ಕಂಬ ಸಿಗುತ್ತದೆ, ಸ್ಕ್ರೂ ಹಾಕಿ ಅನ್ನುತ್ತಾರೆ. ಅವರ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮರದ ಚೌಕಟ್ಟು. ನಿಮ್ಮ ಗೋಡೆಯೊಳಗಿರುವುದು ಅರ್ಧ ಮಿಲಿಮೀಟರ್ ಆಸುಪಾಸಿನ ತಗಡು. ಅಲ್ಲಿಯ ಲೆಕ್ಕ ಇಲ್ಲಿಗೆ ತಂದರೆ ಟಿ.ವಿ. ನೆಲಕ್ಕೇ.

ಇನ್ನು ಗೀಸರ್. 15 ಲೀಟರ್ ಗೀಸರ್‌ನಲ್ಲಿ ನೀರೇ 15 ಕೆಜಿ, ಡಬ್ಬಿಯ ತೂಕ ಬೇರೆ. ಅದು ಇಟ್ಟಿಗೆ ಗೋಡೆಗೇ ಹೋಗಲಿ. ತೊಟ್ಟಿಲು, ಜೋಕಾಲಿ, ಫ್ಯಾನು ಯಾವುದನ್ನೂ ಫಾಲ್ಸ್ ಸೀಲಿಂಗಿಗೆ ಕಟ್ಟಬೇಡಿ, ಕೊಂಡಿ ಮೇಲಿನ ಸ್ಲ್ಯಾಬಿನಿಂದಲೇ ಇಳಿಯಬೇಕು. ಮಗು ಮಲಗುವ ಮಾತಿದು.

"ಬಡವರ ಮನಿಗೆ ಇಷ್ಟೆಲ್ಲ ಖರ್ಚು ಯಾಕ್ರಿ" ಎಂದು ಒಬ್ಬರು ನನಗೇ ಬುದ್ಧಿ ಹೇಳಿದರು. ಪ್ಲೈ ಪಟ್ಟಿ ಬಡಗಿಯ ಹತ್ತಿರ ಉಳಿದ ತುಂಡಿನಲ್ಲೂ ಆಗುತ್ತದೆ. ಅತ್ತಿಗೆಯ ಆರು ವಾರದ ಕೂಲಿ ಯಾರ ಹತ್ತಿರವೂ ಉಳಿದಿರಲಿಲ್ಲ.

ಈಗ ನಮ್ಮ ಅಡುಗೆಕೋಣೆಯಲ್ಲಿ ನೆಲಕ್ಕೆ ನಾಲ್ಕು ಕಾಲೂರಿ ನಿಲ್ಲುವ ಸ್ಟ್ಯಾಂಡಿದೆ, ಮುಂದಕ್ಕೆ ವಾಲದಂತೆ ಮೇಲೊಂದು ಪಟ್ಟಿ ಬಿಗಿದಿದ್ದೇವೆ. ಗೋಡೆಯ ನಾಲ್ಕು ತೂತು ಹಾಗೇ ಇವೆ. ಮುಚ್ಚಬೇಡಿ ಎಂದು ಅತ್ತಿಗೆಯೇ ಹೇಳಿದ್ದಾರೆ, ಬಂದವರಿಗೆ ತೋರಿಸಲು.

ಮೊನ್ನೆ ಹಿಂದಿನ ಓಣಿಯಲ್ಲಿ ಅದೇ ಬೋರ್ಡಿನವನು ಚಾನೆಲ್ ನಿಲ್ಲಿಸುತ್ತಿದ್ದ. "ಪ್ಲೈ ಎಲ್ಲೈತಿ?" ಎಂದು ಕೇಳಿದೆ. "ಮಾಲಕರು ಹೇಳಿಲ್ರಿ" ಅಂದ. ಅಲ್ಲೇ ನಿಂತು ಮನೆಯೊಡತಿಯನ್ನು ಕರೆದೆ. ಅವರು ಕೈ ಒರೆಸಿಕೊಂಡು ಬಂದು, ಟಿ.ವಿ. ಇಲ್ಲಿ, ಪಾತ್ರೆ ಇಲ್ಲಿ, ದೇವರ ಮಂಟಪ ಇಲ್ಲಿ ಎಂದು ಬಳಪದಿಂದ ನೆಲದ ಮೇಲೆ ಮೂರು ಗೆರೆ ಎಳೆದರು.