ಬೋಟು ತುಂಬಿದರೆ ಸಾಲದು

ಮೀನು ತುಂಬಿಕೊಂಡು ಮಲ್ಪೆ ದಕ್ಕೆಗೆ ಬಂದ ಬೋಟನ್ನು ಕಂಡವರಿಗೆ ಮಾಲೀಕ ಗೆದ್ದ ಎನಿಸುತ್ತದೆ. ಹರಾಜಿನ ದುಡ್ಡು ಕೈಗೆ ಬಂದ ಮೇಲೆ ಮೊದಲು ಕಳೆಯುವುದು ಡೀಸೆಲ್ಲಿನ ಲೆಕ್ಕ. ವಾರ, ಹತ್ತು ದಿನ ಕಡಲಲ್ಲೇ ಇದ್ದು ಬರುವ ಟ್ರಾಲ್‌ಬೋಟಿನ ಓಡಾಟದ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಭಾರದ ಬಲೆಯನ್ನು ಗಂಟೆಗಟ್ಟಲೆ ಎಳೆಯಬೇಕಲ್ಲ. ಮೀನು ಬೀಳಲಿ, ಬೀಳದಿರಲಿ, ಎಂಜಿನ್ ಕುಡಿಯುವುದು ಕುಡಿದೇ ಕುಡಿಯುತ್ತದೆ. ಮಂಜುಗಡ್ಡೆ, ಊಟದ ಸಾಮಾನು ಕಳೆದು ಬೋಟು ನಡೆಸುವ ತಾಂಡೇಲನಿಗೂ ಬಲೆಯ ಕೆಲಸದ ಕಲಾಸಿಗಳಿಗೂ ಕೊಡುವುದನ್ನು ಕೊಟ್ಟ ಮೇಲೆ ಉಳಿದದ್ದರಲ್ಲೇ ಬಲೆ ರಿಪೇರಿ, ಬ್ಯಾಂಕಿನ ಕಂತು.

ತೂಕದಷ್ಟೇ ಮುಖ್ಯ ದರ. ಎಲ್ಲ ಬೋಟುಗಳಿಗೂ ಒಂದೇ ದಿನ ಬೂತಾಯಿ ಸಿಕ್ಕರೆ ದರ ಕುಸಿದು, ಮಿಕ್ಕದ್ದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ರಫ್ತಿಗೆ ಹೋಗುವ ಬೊಂಡಾಸ್ (ಸ್ಕ್ವಿಡ್) ಸ್ವಲ್ಪವೇ ಸಿಕ್ಕರೂ ಖರ್ಚು ಹುಟ್ಟೀತು, ಅದೂ ಮಂಜುಗಡ್ಡೆಯಲ್ಲಿ ಚೆನ್ನಾಗಿ ಇಟ್ಟಿದ್ದರೆ.

ಇಷ್ಟಾದರೂ ನಿಜವಾದ ತೊಡಕು ಬೋಟಿನೊಳಗಿಲ್ಲ. 1954ರಲ್ಲಿ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ ತೋರಿಸಿದ್ದು ಇದನ್ನೇ: ಎಲ್ಲರಿಗೂ ತೆರೆದ ಕಡಲಲ್ಲಿ ಲಾಭ ಕಂಡರೆ ಹೊಸ ಬೋಟು ಇಳಿಯುತ್ತದೆ, ಆ ಲಾಭ ಕರಗುವ ತನಕ ಇಳಿಯುತ್ತಲೇ ಇರುತ್ತದೆ. ಅಲಾಸ್ಕಾದ ಹಾಲಿಬಟ್ ಮೀನುಗಾರಿಕೆ ಈ ಪೈಪೋಟಿಯ ತುತ್ತತುದಿಗೆ ಹೋಗಿತ್ತು. 1990ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ಪ್ರದೇಶಗಳಲ್ಲಿ ಮೀನು ಹಿಡಿಯಲು ವರ್ಷಕ್ಕೆ ಸಿಗುತ್ತಿದ್ದುದು 24 ಗಂಟೆಯ ಎರಡು ಮೂರು ಅವಕಾಶ. ಗಾಳಿಯಿರಲಿ, ಮಳೆಯಿರಲಿ, ಎಲ್ಲರೂ ಒಟ್ಟಿಗೆ ನುಗ್ಗುವುದು. ರಾಶಿ ಮೀನು ಒಮ್ಮೆಲೇ ಬಂದು ಫ್ರೀಜರ್ ಸೇರುವುದು. 1995ರಲ್ಲಿ ಒಬ್ಬೊಬ್ಬರಿಗೂ ಇಂತಿಷ್ಟು ಎಂದು ಪಾಲು ಗೊತ್ತುಮಾಡಿದರು. ಋತು ಸುಮಾರು ಎಂಟು ತಿಂಗಳಾಯಿತು, ತಾಜಾ ಮೀನಿಗೆ ಒಳ್ಳೆಯ ದರ ಬಂತು. ಬೋಟುಗಳು ಕಡಿಮೆಯಾದವು, ಅದರೊಂದಿಗೆ ಕಲಾಸಿಗಳ ಕೆಲಸವೂ ಹೋಯಿತು. ಆ ಮಾದರಿಯನ್ನು ಹೊಗಳುವವರು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ಮಲ್ಪೆಯಲ್ಲಿ ಅದು ಹಾಗೇ ನಡೆಯದು. ಒಂದೇ ಎಳೆತಕ್ಕೆ ಹತ್ತಾರು ಜಾತಿ ಬೀಳುವ ಬಲೆಗೆ ಜಾತಿವಾರು ಪಾಲು ಹಂಚುವುದು ಹೇಗೆ? ಇಲ್ಲಿರುವುದು ಜೂನ್, ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧ ಮತ್ತು ರಿಯಾಯಿತಿ ಡೀಸೆಲ್. ರಿಯಾಯಿತಿ ಮಾಲೀಕನನ್ನು ಈ ವರ್ಷ ಉಳಿಸುತ್ತದೆ, ನಿಜ. ಆದರೆ ಹೊರಟರೆ ನಷ್ಟ ಎಂದು ದಕ್ಕೆಯಲ್ಲೇ ನಿಲ್ಲಬೇಕಿದ್ದ ಬೋಟನ್ನೂ ಅದು ಕಡಲಿಗೆ ಅಟ್ಟುತ್ತದೆ. ಬರಿಗೈಯಲ್ಲಿ ಬರಲಾಗದ ಆ ಬೋಟು ಮರಿಮೀನನ್ನೂ ಬಳಿದು ತರುತ್ತದೆ. ಬೆಳೆದಿದ್ದರೆ ಊಟದ ಮೀನಿನ ದರ ತರುತ್ತಿದ್ದ ಮದಿಮಾಳ್ ಮರಿಗಳು ಫಿಶ್‌ಮೀಲ್ ದರಕ್ಕೆ ಹೋಗುತ್ತವೆ. ಬಲೆಯ ಕಣ್ಣು ದೊಡ್ಡದಿರಬೇಕೆಂಬ ನಿಯಮವೂ ಇದೆ. ಒಬ್ಬನೇ ಪಾಲಿಸಿದರೆ ಅವನು ಬಿಟ್ಟ ಮರಿಗಳು ಪಕ್ಕದ ಬೋಟಿನ ಬಲೆಗೆ; ಹಾಗಾಗಿ ತಪಾಸಣೆ ದಕ್ಕೆಯಲ್ಲೇ, ಎಲ್ಲ ಬೋಟುಗಳಿಗೂ ಆಗಬೇಕು.